ಗಿಟುಕು ಮತ್ತು ಅಟ್ಟದ ಏಣಿ

ಸ್ಕೂಲಿನಲ್ಲಿ ಬೆಳಿಗ್ಗೆ ಕೊಟ್ಟ ಹಾಲಿನಲ್ಲಿ ಅರ್ಧ ಕುಡಿದು, ಉಳಿದ ಅರ್ಧವನ್ನು ಕೃತಿಕಾ ಟಾನಿಕ್ ಬಾಟಲಿಗೆ ಸುರಿಯುತ್ತಿದ್ದಳು. ಒಂದು ತೊಟ್ಟೂ ಚೆಲ್ಲದ ಹಾಗೆ ಗೆಳತಿ ವನಿತಾ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಷ್ಟರಲ್ಲಿ ಮಿಸ್ ಬಾಗಿಲಲ್ಲಿ ಕಾಣಿಸಿಕೊಂಡು, ಬ್ಯಾಗ್ ತೆಗೆದುಕೊಂಡು ಬಾ, ನಿಮ್ಮ ಚಿಕ್ಕಪ್ಪ ಬಂದಿದ್ದಾರೆ ಎಂದರು. ಹಾಲನ್ನು ಏಕೆ ಬಾಟಲಿಗೆ ಸುರಿಯುತ್ತಿದ್ದೀಯಾ ಎಂದು ಮಿಸ್ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಕೇಳುತ್ತಿದ್ದರು.

ಕಲ್ಲೇಶ್ ಚಿಕ್ಕಪ್ಪ ಗೇಟಿನ ಹತ್ತಿರ ಬೈಕಿನ ಮೇಲೆ ಕೂತಿದ್ದ. ಅವನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಯಾಕೆ ಚಿಕ್ಕಪ್ಪ?"

"ಕೂತ್ಕೊ."

ಕಿಬ್ಬನಹಳ್ಳಿ ಸರ್ಕಲ್‌ನಲ್ಲಿ ಬೇಕರಿ ಮುಂದೆ ನಿಲ್ಲಿಸಿ, ಬನ್ ಬೇಕಾ ಎಂದು ಕೇಳುವುದು ಅವನ ಅಭ್ಯಾಸ. ಆ ದಿನ ಬೇಕರಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಹಿಂದೆ ಕೂತಿದ್ದ ಕೃತಿಕಾ ಹಾಲು ಸೋರದ ಹಾಗೆ ಬಾಟಲಿಯನ್ನು ನೆಟ್ಟಗೆ ಹಿಡಿದುಕೊಳ್ಳುವುದರಲ್ಲೇ ಇದ್ದಳು.

ಊರ ಒಳಗೆ ತಿರುಗಿದಾಗ ಮನೆಯ ಮುಂದೆ ಹೊಗೆ ಕಾಣಿಸಿತು. ಅಂಗಳದಲ್ಲಿ ಒಂದು ಕೊರಡಿಗೆ ಬೆಂಕಿ ಹಾಕಿದ್ದರು. ಇಂಥ ಬೆಂಕಿಯನ್ನು ಬೇರೆಯವರ ಮನೆಗಳ ಮುಂದೆ ಅವಳು ನೋಡಿದ್ದಳು. ಅದನ್ನು ಯಾವಾಗ ಹಾಕುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಯಾರಿಗಾಗಿ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವಳು ಬೈಕಿನಿಂದ ಇಳಿದು ಒಬ್ಬೊಬ್ಬರನ್ನೇ ಹುಡುಕಿದಳು. ಅಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದ. ಅಮ್ಮ ಬಾಗಿಲಲ್ಲಿದ್ದಳು. ಅಜ್ಜಿ ಒಳಗೆ ನೆಲದ ಮೇಲೆ ಕೂತಿದ್ದಳು. ಅಜ್ಜಿಯ ಮುಂದೆ ಚಾಪೆಯ ಮೇಲೆ ತಾತನನ್ನು ಮಲಗಿಸಿದ್ದರು. ದಿನವೂ ಹೆಗಲ ಮೇಲಿರುತ್ತಿದ್ದ ಟವೆಲನ್ನು ಗಲ್ಲದಿಂದ ತಲೆಗೆ ಸುತ್ತಿ ಕಟ್ಟಿದ್ದರು.

ಅಟ್ಟದ ಏಣಿ ನಡುಮನೆಯ ಗೋಡೆಯ ಬುಡದಲ್ಲಿ ಅಡ್ಡ ಬಿದ್ದಿತ್ತು. ಅದನ್ನು ಯಾರೂ ಎತ್ತಿ ಇಟ್ಟಿರಲಿಲ್ಲ.

ಅಟ್ಟದ ಮೇಲಿನಿಂದ ಬೆಕ್ಕಿನ ಮರಿ ಕೂಗುತ್ತಿತ್ತು.

*

ಆ ಮನೆಯಲ್ಲಿ ಅಟ್ಟವೆಂದರೆ ತಾತನ ರಾಜ್ಯ. ತೋಟದಿಂದ ಬಂದ ಕಾಯಿಯನ್ನು ಅಟ್ಟದ ಮೇಲೆ ಸುರಿದು, ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಿದ್ದರು. ಒಳಗಿನ ನೀರು ಇಂಗಿ, ಕಾಯಿ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತಿತ್ತು. ತಾತ ಮೇಲೆ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದ. ಲೊಡಲೊಡ ಎಂದರೆ ಅದು ಕೆಳಗೆ. ಇಲ್ಲದಿದ್ದರೆ ಮತ್ತೆ ರಾಶಿಗೆ.

ಅಟ್ಟ ಹತ್ತುವ ಮೊದಲು ಅವನು ಏಣಿಯ ಬುಡದಲ್ಲಿ ನಿಂತು ಕೂಗುತ್ತಿದ್ದ.

"ಏಣಿ ಯಾರು?"

ಮನೆಯಲ್ಲಿದ್ದವರು ಯಾರಾದರೂ ಬಂದು, ಏಣಿ ಹಿಡಿದು, ನಾನು ಎನ್ನಬೇಕು. ಆ ಮಾತು ಕಿವಿಗೆ ಬೀಳದೆ ತಾತ ಮೊದಲ ಮೆಟ್ಟಿಲಿಗೂ ಕಾಲಿಡುತ್ತಿರಲಿಲ್ಲ. ಅವನಪ್ಪನ ಕಾಲದಿಂದ ಬಂದ ಪದ್ಧತಿ ಅದು. ನೆಲಕ್ಕೆ ಗಾರೆ ಹಾಕಿಸಿದ ಮೇಲಂತೂ ಏಣಿ ಜಾರುತ್ತದೆಂದು ಇನ್ನೂ ಬಿಗಿ ಮಾಡಿದ್ದ. ಕೃತಿಕಾಗೆ ಆ ಕೆಲಸ ಬಹಳ ಇಷ್ಟ. "ನಾನು, ತಾತ" ಎಂದು ಓಡಿ ಬರುವಳು. ಇಳಿಯುವಾಗ ತಾತ, "ಇದೀಯೇನೇ, ಇಲ್ಲಾ ಟಿವಿ ಮುಂದೆ ಹೋದ್ಯಾ?" ಎಂದು ಕೇಳುತ್ತಿದ್ದ. ಅವಳು ಉತ್ತರ ಕೊಡುವ ಬದಲು ಅವನ ಹಿಮ್ಮಡಿಗೆ ಕಚಗುಳಿ ಇಡುತ್ತಿದ್ದಳು.

ಮರಿಯನ್ನು ತಂದವನೂ ತಾತನೇ. ಕಾಯಿ ಸುಲಿದ ಮಟ್ಟೆಯನ್ನು ನಾರಿನ ಫ್ಯಾಕ್ಟರಿಗೆ ಸಾಗಿಸಲು ಟ್ರ್ಯಾಕ್ಟರಿಗೆ ತುಂಬುತ್ತಿದ್ದಾಗ ರಾಶಿಯ ಒಳಗಿನಿಂದ ಸಣ್ಣ ಕೂಗು ಕೇಳಿಸಿತಂತೆ. ತಾತ ಕೆಲಸ ನಿಲ್ಲಿಸಿ, ಮಟ್ಟೆಗಳನ್ನು ಒಂದೊಂದಾಗಿ ತೆಗೆದು, ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ತಾಯಿ ಬೆಕ್ಕು ಎಲ್ಲೂ ಕಾಣಲಿಲ್ಲ. ಅದು ಮಲಗಿದರೆ ಕೈಕಾಲು ಬಾಲ ಎಲ್ಲ ಒಳಗೆ ಸೇರಿಸಿಕೊಂಡು ಉಂಡೆಯಾಗುತ್ತಿತ್ತು. ಥೇಟ್ ಗಿಟುಕಿನ ಹಾಗೆ, ಒಡೆಯದ ಉಂಡೆ ಕೊಬ್ಬರಿಯ ಹಾಗೆ ಇದೆ ಎಂದು ತಾತ ಅದನ್ನು ಗಿಟುಕು ಎಂದು ಕರೆದ. ಆಡಲು ನಾರಿನ ಚೆಂಡೊಂದನ್ನು ಸುತ್ತಿಕೊಟ್ಟ. ಕೃತಿಕಾ ಸ್ಕೂಲಿನ ಹಾಲಿನಲ್ಲಿ ಅರ್ಧವನ್ನು ಅದಕ್ಕೆಂದು ಬಾಟಲಿಯಲ್ಲಿ ತರತೊಡಗಿದಳು.

ಅಜ್ಜಿಗೆ ಬೆಕ್ಕು ಸೇರುತ್ತಿರಲಿಲ್ಲ. ಸ್ವಲ್ಪ ದೊಡ್ಡದಾಗಲಿ, ಒಳ್ಳೆ ಮನೆ ನೋಡಿ ಕೊಟ್ಟುಬಿಡೋಣ ಎಂದು ತಾತ ಅವಳಿಗೆ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಅವನೇ ಹೋದ.

*

ಏಣಿ ಜಾರಿತು, ಬಿದ್ದ ಪೆಟ್ಟಿಗೆ ತಾತ ಕಣ್ಣು ಬಿಡಲಿಲ್ಲ, ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿಯಿತು ಎಂದು ಅಮ್ಮ ಹೇಳಿದಳು. ಅವನನ್ನು ತೋಟದ ಮೂಲೆಯಲ್ಲಿ, ಅವನೇ ನೆಟ್ಟಿದ್ದ ಸಾಲಿನ ಕೊನೆಯಲ್ಲಿ ಮಣ್ಣು ಮಾಡಿದರು.

ತಾತ ದೊಡ್ಡಣ್ಣನ ದಾಯಾದಿ ಹನುಮಂತಯ್ಯನವರು ಜಗಲಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು. ಇಷ್ಟು ವರ್ಷ ಹತ್ತಿ ಇಳಿದ ಮನುಷ್ಯ ಹೇಗೆ ಬಿದ್ದ? ಅಟ್ಟದ ಮೇಲೆ ಬೆಕ್ಕಿತ್ತಲ್ಲ ಎಂದು ಯಾರೋ ಅಂದರು. ಕಾಲಿಗೆ ಅಡ್ಡ ಬಂದಿರಬಹುದು ಎಂದು ಇನ್ನೊಬ್ಬರು ಸೇರಿಸಿದರು. ಸಂಜೆಯ ಹೊತ್ತಿಗೆ ಆ "ಬಹುದು" ಬಿದ್ದುಹೋಗಿತ್ತು. ಬೆಕ್ಕು ಅಡ್ಡ ಬಂದು ದೊಡ್ಡಣ್ಣ ಸತ್ತ ಎಂದು ಬೀದಿಯ ಕೊನೆಯವರೆಗೂ ಸುದ್ದಿಯಾಯಿತು.

ಅಜ್ಜಿ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮರಿ ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಚಿಕ್ಕಪ್ಪ ಅದನ್ನು ಕೊಟ್ಟಿಗೆಯಲ್ಲಿ ಬಿದಿರಿನ ಮಂಕರಿ ಕವುಚಿ ಕೂಡಿ ಹಾಕಿದ. ತಿಥಿ ಮುಗಿಯಲಿ, ಇದನ್ನು ಕಿಬ್ಬನಹಳ್ಳಿ ಸರ್ಕಲ್‌ನಲ್ಲಿ ಬಿಟ್ಟು ಬರ್ತೀನಿ ಎಂದ. ಆ ಸರ್ಕಲ್‌ನಲ್ಲಿ ಹಗಲೂ ರಾತ್ರಿ ಲಾರಿಗಳು ಓಡುತ್ತವೆ. ಅಲ್ಲಿ ರಸ್ತೆ ದಾಟುವಾಗ ದೊಡ್ಡವರೇ ಕೃತಿಕಾಳ ಕೈ ಬಿಗಿಯಾಗಿ ಹಿಡಿಯುತ್ತಾರೆ.

ತಿಥಿಯೊಳಗೆ ಗಿಟುಕುಗೆ ಒಂದು ಮನೆ ಹುಡುಕಬೇಕು ಎಂದು ಅವಳು ನಿಶ್ಚಯಿಸಿದಳು.

ಅಮ್ಮನ ಫೋನಿನಲ್ಲಿ ಮರಿಯ ಫೋಟೊ ತೆಗೆದು ಸ್ಟೇಟಸ್ ಹಾಕಿದಳು. ನಾರಿನ ಚೆಂಡನ್ನು ಕಚ್ಚಿಕೊಂಡು ಮಲಗಿದ್ದ ಫೋಟೊ ಅದು. ಕ್ಲಾಸಿನ ಸಿದ್ಧಾರ್ಥ್ ತನ್ನ ಅಪ್ಪನ ಫೋನಿನಿಂದ, ಇದು ಫೈಟ್ ಮಾಡುತ್ತಾ ಎಂದು ಕೇಳಿದ. ಮಾಡುತ್ತೆ, ನನ್ನ ಲಂಗದ ಜೊತೆ ದಿನಾ ಮಾಡುತ್ತೆ ಎಂದು ಇವಳು ಬರೆದಳು. ಹಾಗಾದರೆ ನನಗೇ ಬೇಕು ಎಂದವನು ಮಾರನೆಯ ದಿನ, ಅಮ್ಮ ಬೇಡ ಅಂದ್ರು ಎಂದು ಕಳಿಸಿದ. ಅಮ್ಮಸಂದ್ರದ ಅತ್ತೆಯೂ ಮೊದಲು ಹೂಂ ಎಂದು ಆಮೇಲೆ ಸುಮ್ಮನಾದಳು.

ಸೂತಕದ ಮನೆಯಿಂದ ಯಾರೂ ಏನನ್ನೂ ಒಯ್ಯುವುದಿಲ್ಲ ಕಣೇ, ಈಗ ಕೇಳಲೇಬಾರದು ಎಂದು ಅಮ್ಮ ತಿಳಿಸಿ ಹೇಳಿದಳು. ಸೂತಕ ಕಳೆದ ಮೇಲೆ ಒಯ್ಯುತ್ತಾರಾ ಎಂದು ಕೃತಿಕಾ ಕೇಳಿದಳು.

ಅದಕ್ಕೆ ಉತ್ತರ ಕೊಟ್ಟವಳು ವನಿತಾ. ಹೋಮ್‌ವರ್ಕ್ ಹೇಳುವ ನೆಪದಲ್ಲಿ ಬಂದು ಬೇಲಿಯ ಆಚೆಯೇ ನಿಂತಿದ್ದಳು.

"ನಂಗೆ ಆಸೆ ಐತೆ ಕಣೇ. ಆದ್ರೆ ಅದು ನಿಮ್ಮ ತಾತನ್ನ ಬೀಳಿಸ್ತಂತಲ್ಲ. ಅಂಥದ್ದು ಮನೆಗೆ ಬಂದ್ರೆ ಒಳ್ಳೇದಲ್ಲ ಅಂತಾಳೆ ನಮ್ಮಮ್ಮ."

"ನಿಮ್ಮಮ್ಮ ನೋಡಿದ್ರಾ?"

"ಎಲ್ಲಾರೂ ಹಂಗೇ ಅಂತಾವ್ರೆ."

ಕೃತಿಕಾ ನೇರವಾಗಿ ಅಜ್ಜಿಯ ಹತ್ತಿರ ಹೋದಳು. ತಾತ ಬಿದ್ದಾಗ ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ.

"ಅಜ್ಜಿ, ಗಿಟುಕು ಅಡ್ಡ ಬಂದಿದ್ದು ನೀನು ನೋಡಿದ್ಯಾ?"

ಅಜ್ಜಿ ಗೋಡೆಯ ಕಡೆ ಹೊರಳಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಜ್ಜಿಯ ಮನಸ್ಸು ಕಲ್ಲು ಎಂದುಕೊಂಡು ಕೃತಿಕಾ ಕೊಟ್ಟಿಗೆಗೆ ಹೋದಳು. ಮಂಕರಿಯ ಸಂದಿಯಿಂದ ಒಂದು ಪುಟ್ಟ ಕೈ ಹೊರಗೆ ಬಂದು ಅವಳ ಗೆಜ್ಜೆಯನ್ನು ಹಿಡಿಯಲು ನೋಡುತ್ತಿತ್ತು. ಅದಕ್ಕೆ ಇನ್ನೂ ಆಟವೇ.

*

ತಿಥಿಯ ದಿನ ನೆಂಟರೆಲ್ಲ ತೋಟದಲ್ಲಿ ಸೇರಿದರು. ಮಣ್ಣು ಮಾಡಿದ ಜಾಗದಲ್ಲಿ ಬಾಳೆಎಲೆ ಹಾಸಿ, ತಾತನಿಗೆ ಪ್ರಿಯವಾದ ಮುದ್ದೆ, ಅವರೆಕಾಳು ಸಾರು, ಕಡಲೆ ವಡೆ ಎಲ್ಲ ಎಡೆ ಇಟ್ಟರು. ಊದುಬತ್ತಿ ಹಚ್ಚಿ ಎಲ್ಲರೂ ದೂರ ಸರಿದು ನಿಂತರು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಹೋದವರು ತೃಪ್ತರಾದರು ಎಂದು ಅರ್ಥ. ಅಲ್ಲಿಯವರೆಗೆ ಮನೆಯವರು ಊಟ ಮಾಡುವಂತಿಲ್ಲ.

ಹೊಂಬಾಳೆಯ ಮೇಲಿಂದ ಒಂದು ಕಾಗೆ ಇಳಿಯಿತು. ಎರಡು ಹೆಜ್ಜೆ ಕುಪ್ಪಳಿಸಿ ಕತ್ತು ವಾರೆ ಮಾಡಿ ನೋಡಿತು. ಅಪ್ಪ ಕೈ ಮುಗಿದ. ಇನ್ನೇನು ಕೊಕ್ಕು ವಡೆಗೆ ತಾಗಬೇಕು, ಬದಿಯ ಮಟ್ಟೆ ರಾಶಿಯ ಹಿಂದಿನಿಂದ ಕಂದು ಬಣ್ಣದ್ದೊಂದು ಹಾರಿತು.

ಗಿಟುಕು ಮಂಕರಿಯನ್ನು ಹೇಗೆ ಎತ್ತಿತೋ, ಯಾವಾಗ ಹಿಂದೆಯೇ ಬಂತೋ ಯಾರಿಗೂ ತಿಳಿಯದು. ಅದು ಕಾಗೆಯ ಬಾಲಕ್ಕೆ ಗುರಿಯಿಟ್ಟಿತ್ತು. ಕಾಗೆ ಕಿರುಚಿಕೊಂಡು ಹಾರಿತು. ಸುತ್ತಲಿನ ಕಾಗೆಗಳೂ ಕೂಗುತ್ತಾ ದೂರದ ತೋಟಕ್ಕೆ ಹೋದವು. ಮರಿ ಎಡೆಯ ಪಕ್ಕದಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಕೈ ನೆಕ್ಕಿಕೊಂಡಿತು.

ಯಾರೂ ನಗಲಿಲ್ಲ. ತಾತ ಇದ್ದಿದ್ದರೆ ಅವನೊಬ್ಬ ನಗುತ್ತಿದ್ದ.

ಚಿಕ್ಕಪ್ಪ ಅದರ ಕತ್ತು ಹಿಡಿದು ಎತ್ತಿ ಗೋಣಿಚೀಲಕ್ಕೆ ಹಾಕಿದ. ಕೃತಿಕಾ ಅವನ ಕೈಗೆ ಜೋತುಬಿದ್ದಳು.

"ಬುಡು. ಸತ್ತ ಮೇಲೂ ನಮ್ಮಪ್ಪನಿಗೆ ಒಂದು ತುತ್ತು ಸಿಗೋಕೆ ಬಿಡಲಿಲ್ಲ ಇದು" ಎಂದ.

ಎಷ್ಟು ಹೊತ್ತು ಕಾದರೂ ಕಾಗೆಗಳು ತಿರುಗಿ ಬರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಹೋದವನ ಮನಸ್ಸಿನಲ್ಲಿ ಏನೋ ಉಳಿದಿದೆ, ಏನಿದ್ದರೂ ನಡೆಸಿಕೊಡುತ್ತೇವೆ ಎಂದು ಮನೆಯವರು ಹೇಳಿಕೊಳ್ಳಿ ಎಂದು ಹನುಮಂತಯ್ಯನವರು ಅಂದರು. ತೋಟವನ್ನು ಒಣಗಲು ಬಿಡುವುದಿಲ್ಲ ಎಂದು ಅಪ್ಪ ಹೇಳಿಕೊಂಡ. ಅಣ್ಣನ ಜೊತೆ ಜಗಳ ಆಡುವುದಿಲ್ಲ ಎಂದು ಚಿಕ್ಕಪ್ಪ ಹೇಳಿಕೊಂಡ. ಮರಗಳ ತಲೆಯಲ್ಲಿ ಗರಿಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಹೆಂಗಸರ ಹಿಂದೆ ಕೂತಿದ್ದ ಅಜ್ಜಿ ಆಗ ಎದ್ದು ಮುಂದೆ ಬಂದಳು. ಅವಳು ಎಡೆಯ ಕಡೆ ನೋಡಿ ಮಾತಾಡಿದಳು. ಮಕ್ಕಳ ಕಡೆ ನೋಡಲಿಲ್ಲ.

"ಮರಿ ಅಟ್ಟದ ಮೇಲೆ ಮೂಲೇಲಿ ಮಲಗಿತ್ತು. ಅದೇನೂ ಮಾಡಲಿಲ್ಲ. ಸಾರಿಗೆ ಕೊಬ್ಬರಿ ಇಲ್ಲ ಅಂತ ನಾನೇ ಹತ್ತಿಸಿದ್ದು. ಏಣಿ ಯಾರು ಅಂತ ಕೂಗಿದ್ರು. ಒಲೆ ಮೇಲೆ ಹಾಲು ಉಕ್ಕೋದರಲ್ಲಿತ್ತು. ನಾನು ಅಂತ ಅಂದೆ. ಅಂದುಬಿಟ್ಟು ಒಲೆ ಹತ್ರಾನೇ ನಿಂತ್ಕೊಂಡೆ. ಅವರು ನಾನಿದೀನಿ ಅಂತ ನಂಬಿ ಹತ್ತಿದ್ರು."

ಅಪ್ಪ ಒಂದು ಹೆಜ್ಜೆ ಮುಂದೆ ಇಟ್ಟು ಅಲ್ಲೇ ನಿಂತ.

"ಮರೀನ ನೋಡಿದ್ರೆ ನಂಗೆ ಅದೇ ಕಾಣಿಸ್ತದೆ. ಮನೇಲಿ ಇಟ್ಕೊಳ್ಳೋ ಶಕ್ತಿ ನಂಗಿಲ್ಲ ಕಣಪ್ಪ ಕಲ್ಲೇಶಿ. ಆದ್ರೆ ಸರ್ಕಲ್‌ಗೆ ಬೇಡ. ಒಳ್ಳೆ ಮನೆ ನೋಡ್ತೀನಿ ಅಂದಿದ್ರು ಅವರು. ನಾನು ನೋಡ್ತೀನಿ."

ಚಿಕ್ಕಪ್ಪ ಚೀಲದ ಬಾಯಿ ಬಿಚ್ಚಿದ. ಗಿಟುಕು ತಲೆ ಹೊರಗೆ ಹಾಕಿ ಎಲ್ಲರನ್ನೂ ನೋಡಿತು.

ಆಮೇಲೂ ಕಾಗೆ ಬರಲಿಲ್ಲ. ಕೊನೆಗೆ ಹನುಮಂತಯ್ಯನವರು ಎಡೆಯನ್ನು ಎತ್ತಿ ಹಸುವಿಗೆ ಕೊಡಿಸಿದರು. ಹಸು ಎಲೆಯ ಸಮೇತ ನಿಧಾನವಾಗಿ ತಿಂದಿತು. ಊಟದ ಪಂಕ್ತಿಯಲ್ಲಿ ಜನ ತಲೆ ತಗ್ಗಿಸಿಕೊಂಡು ಉಂಡು ಹೋದರು.

*

ಮಾರನೆಯ ದಿನ ಸಂಜೆ ಅಜ್ಜಿ ಬುಟ್ಟಿಯೊಂದರಲ್ಲಿ ಹಳೆ ಟವೆಲ್ ಹಾಸಿದಳು. ಅದು ತಾತನ ಟವೆಲ್. ಗಿಟುಕುವನ್ನು ಅದರಲ್ಲಿ ಕೂರಿಸಲು ಕೃತಿಕಾಗೆ ಹೇಳಿದಳು. ತಾನು ಮುಟ್ಟಲಿಲ್ಲ.

ಗಂಡ ಹೋದವಳು ಇಷ್ಟು ಬೇಗ ಬೇರೆಯವರ ಹೊಸಿಲು ತುಳಿಯಬಾರದು ಅತ್ತೆ, ಜನ ಏನಾದರೂ ಅಂತಾರೆ ಎಂದು ಅಮ್ಮ ಮೆಲ್ಲಗೆ ತಡೆದಳು. ಹೊಸಿಲು ತುಳಿಯುವುದಿಲ್ಲ, ಹೊರಗೇ ನಿಂತಿರುತ್ತೇನೆ ಎಂದು ಅಜ್ಜಿ ಹೊರಟಳು.

ವನಿತಾಳ ಮನೆ ಮೊದಲು ಸಿಕ್ಕಿತು. ಅವಳಮ್ಮ ಅಂಗಳದಲ್ಲಿ ನೀರು ಹಾಕುತ್ತಿದ್ದಳು. ಇವರು ಬರುವುದನ್ನು ಕಂಡವಳೇ ಬಿಂದಿಗೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಬೆಕ್ಕಿಂದೇನೂ ತಪ್ಪಿಲ್ಲ ಆಂಟಿ" ಎಂದು ಕೂಗಬೇಕೆಂದು ಕೃತಿಕಾ ಬಾಯಿ ತೆರೆದಳು. ಕೂಗಲಿಲ್ಲ. ಆಂಟಿ ಬುಟ್ಟಿಯನ್ನು ನೋಡಿರಲಿಲ್ಲ. ಅವಳು ನೋಡಿದ್ದು ಅಜ್ಜಿಯ ಬೋಳು ಹಣೆಯನ್ನು. ಹಿಂದೆ ಇದೇ ಆಂಟಿ ಅಜ್ಜಿಯನ್ನು ಕರೆದು ಕರೆದು ಕುಂಕುಮ ಕೊಡುತ್ತಿದ್ದಳು.

ಅಜ್ಜಿ ಕಾಣದವಳ ಹಾಗೆ ಮುಂದೆ ನಡೆಯುತ್ತಿದ್ದಳು. ಕೃತಿಕಾ ಬುಟ್ಟಿಯನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಅಜ್ಜಿಯ ಬೆರಳು ಹಿಡಿದಳು.

ಊರ ಕೊನೆಯಲ್ಲಿ ತೋಟದ ಅಂಚಿಗೆ ಭೂತಮ್ಮನ ಮನೆ. ಅಜ್ಜಿಗಿಂತ ಹಿರಿಯಳು, ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗಳು-ಅಳಿಯನ ಜೊತೆ ವಾಸವಾಗಿದ್ದಳು. ಜಗಲಿಯಲ್ಲಿ ಕೂತು ಚಿಪ್ಪಿನಿಂದ ಕೊಬ್ಬರಿ ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ಏನೇ ರಾಮಲಕ್ಷ್ಮಿ, ಬೀದೀಲಿ ನಿಂತಿದೀಯಲ್ಲ ಬಸ್ಸಿಗೆ ಕಾಯೋಳ ಹಾಗೆ?"

ಅಜ್ಜಿ ಬೇಲಿಯ ಹೊರಗಿನಿಂದಲೇ ಎಲ್ಲವನ್ನೂ ಹೇಳಿದಳು. ಹಾಲು ಉಕ್ಕಿದ್ದನ್ನೂ ಬಿಡಲಿಲ್ಲ. ಭೂತಮ್ಮ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಪಾಪ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಕೇಳಿ ಮುಗಿದ ಮೇಲೆ, ಕೃತಿಕಾ ಜಗಲಿಯ ಮೇಲೆ ತಂದಿಟ್ಟ ಬುಟ್ಟಿಯೊಳಗೆ ಬಗ್ಗಿ ನೋಡಿದಳು. ಗಿಟುಕು ಅವಳ ಮೂಗಿಗೆ ಕೈ ಚಾಚಿತು.

"ನಮ್ಮ ಅಟ್ಟದ ಇಲಿಗಳು ನನ್ನ ಹತ್ರಾನೇ ಬಾಡಿಗೆ ಕೇಳೋ ಹಂಗಾಗವೆ. ಇದು ಹಿಡಿಯುತ್ತಾ, ಇಲ್ಲಾ ಅವುಗಳ ಜೊತೆ ಆಡುತ್ತಾ?"

ಮೊದಲು ಆಡುತ್ತೆ ಎಂದು ಕೃತಿಕಾ ನಿಜ ಹೇಳಿದಳು. ಭೂತಮ್ಮನಿಗೆ ನಗು ಬಂತು.

"ಇದನ್ನ ಅಪಶಕುನ ಅಂತಾರೆ, ಅಕ್ಕ. ಆಮೇಲೆ ನನ್ನ ಬೈಬೇಡ" ಎಂದಳು ಅಜ್ಜಿ.

"ನನ್ನನ್ನೂ ಅಂದ್ರು ಕಣೇ. ಅಂದವರ ಮನೆ ಮದುವೆಗೆಲ್ಲ ನಾನೇ ಕೊಬ್ಬರಿ ತುರಿದು ಕೊಟ್ಟೀನಿ. ಒಳಕ್ಕೆ ಬಾ."

ಅಜ್ಜಿ ಕದಲಲಿಲ್ಲ. ಭೂತಮ್ಮ ಮಂಡಿ ಹಿಡಿದುಕೊಂಡು ಎದ್ದು ಬಂದು, ಅವಳ ಮೊಣಕೈ ಹಿಡಿದು, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗೆ ಹೊಸಿಲು ದಾಟಿಸಿದಳು.

ನಡುಮನೆಯಲ್ಲಿ ಬುಟ್ಟಿ ಇಳಿಸಿದ್ದೇ ತಡ, ಗಿಟುಕು ಹೊರಗೆ ಹಾರಿತು. ಮೂಲೆ ಮೂಲೆ ಮೂಸಿತು. ಕೃತಿಕಾ ಜೇಬಿನಿಂದ ನಾರಿನ ಚೆಂಡು ತೆಗೆದು ಉರುಳಿಸಿದಳು. ಚೆಂಡು ಹೋಗಿ ಅಟ್ಟದ ಏಣಿಯ ಬುಡದಲ್ಲಿ ನಿಂತಿತು. ಗಿಟುಕು ಚೆಂಡನ್ನು ಬಿಟ್ಟು ಏಣಿಯನ್ನು ನೋಡಿತು. ಮೊದಲ ಮೆಟ್ಟಿಲಿಗೆ ಹಾರಿತು. ಆಮೇಲೆ ಎರಡನೆಯದಕ್ಕೆ.

ಭೂತಮ್ಮ ಕಾಫಿ ಬೇಕಾ ಎಂದು ಏನೋ ಕೇಳುತ್ತಿದ್ದಳು. ಅಜ್ಜಿ ಕೇಳಿಸಿಕೊಳ್ಳದೆ ನಡುಮನೆಯನ್ನು ದಾಟಿ ಹೋಗಿ, ಏಣಿಯ ಎರಡೂ ಕಂಬಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಪಾದವನ್ನು ಏಣಿಯ ಬುಡಕ್ಕೆ ಒತ್ತಿ ಕೊಟ್ಟಳು. ಅವಳ ತಲೆಯ ಮೇಲೆ ಗಿಟುಕು ಮೆಟ್ಟಿಲಿಂದ ಮೆಟ್ಟಿಲಿಗೆ ಬಾಲ ಎತ್ತಿಕೊಂಡು ಹೋಗುತ್ತಿತ್ತು.

ಬೆಕ್ಕಿಗೆ ಯಾರಾದರೂ ಏಣಿ ಹಿಡೀತಾರೇನೇ ಎಂದು ಭೂತಮ್ಮ ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು.

ಮರಿ ಅಟ್ಟ ಸೇರಿತು. ಮೇಲೆ ಒಂದು ಕಾಯಿ ಲೊಡಲೊಡ ಎಂದು ಉರುಳಿದ ಸದ್ದಾಯಿತು. ಅಜ್ಜಿ ಏಣಿ ಬಿಡಲಿಲ್ಲ.

ಕೃತಿಕಾ ಹತ್ತಿರ ಹೋದಳು. ಸಾಕು ಬಾ ಅಜ್ಜಿ, ಅದು ತಾನೇ ಇಳಿಯುತ್ತೆ ಎನ್ನಬಹುದಿತ್ತು. ಹಾಗೆನ್ನದೆ, ಅಜ್ಜಿಯ ಕೈಯ ಕೆಳಗೆ ತನ್ನ ಕೈ ಇಟ್ಟು ಏಣಿಯ ಒಂದು ಕಂಬವನ್ನು ಹಿಡಿದಳು.

"ನಾನೂ ಇದೀನಿ ಅಜ್ಜಿ."

ಅಜ್ಜಿ ಮೇಲಕ್ಕೇ ನೋಡುತ್ತಿದ್ದಳು. ಅವಳ ತುಟಿಗಳು ಅಲುಗಾಡಿದವು. ಅದು ಗಿಟುಕುಗೆ ಹೇಳಿದ ಮಾತಲ್ಲ ಎನ್ನುವುದು ಕೃತಿಕಾಗೆ ತಿಳಿಯಿತು. ಅವಳು ಕಣ್ಣು ಮುಚ್ಚಿಕೊಂಡು ಅಜ್ಜಿಯ ಮಾತು ಕೇಳಿಸಿಕೊಂಡಳು.

"ತಂದೆ ರಂಗನಾಥ, ನಾನು ಹಿಡಿಯಲಿಲ್ಲ. ನೀನು ಹಿಡಿದುಕೊಂಡಿರು. ಅವರು ಹತ್ತಿದ ಕಡೆ ಕಾಲು ಜಾರದಿರಲಿ. ಅವರ ಜೀವ ಅಲ್ಲಿ ನೆಮ್ಮದಿಯಾಗಿರಲಿ."